ಪೂರ್ತಿ ಕೂಲಿ

ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ಕೋಟೆ ದಾರಿ ಹಿಡಿದರೆ ಎಡಗಡೆಗೇ ವಸಂತನ ಫರ್ನಿಚರ್ ಅಂಗಡಿ. ಮಂಚ, ದಿವಾನ, ದೇವರ ಮಂಟಪ, ಎಲ್ಲಾ ಹಿಂದುಗಡೆ ಶೆಡ್ಡಿನಲ್ಲಿ ಮಾಡಿ ಮುಂದುಗಡೆ ಮಾರುತ್ತಾರೆ. ಜೈಲಿನಿಂದ ಬಿಡುಗಡೆಯಾದ ಮುದ್ದಯ್ಯ ಮೊಟ್ಟಮೊದಲು ಕೆಲಸ ಕೇಳಿಕೊಂಡು ಹೋದದ್ದು ಅಲ್ಲಿಗೆ. ವಸಂತ ಒಂದು ತೇಗದ ತುಂಡು ಎಸೆದು "ಏನ್ ಮಾಡ್ತೀಯ ಮಾಡು, ನೋಡವ" ಅಂದ. ಮುದ್ದಯ್ಯ ಕೂತು ಕುರ್ಚಿಯ ಕಾಲೊಂದನ್ನು ಮಾಡಿ, ಒಂದು ಮೊಳೆಯನ್ನೂ ಹೊಡೆಯದೆ ಅಡ್ಡಪಟ್ಟಿಗೆ ಕೂಡಿಸಿ ಕೊಟ್ಟ. ವಸಂತ ಎಳೆದ, ಜಗ್ಗಿದ, ಕಾಲಲ್ಲಿ ಒದ್ದೂ ನೋಡಿದ. ಅದು ಜಪ್ಪಯ್ಯ ಅನ್ನಲಿಲ್ಲ.

"ಎಲ್ಲಿ ಕಲ್ತೆ ಇದ್ನ?"

ಮೈಸೂರಲ್ಲಿ ಯಾವುದೋ ಅಂಗಡೀಲಿ ಅಂದಿದ್ದರೆ ಆಗಿಹೋಗುತ್ತಿತ್ತು. ಈ ಪ್ರಾಣಿಗೆ ಅಷ್ಟು ಬುದ್ಧಿಯೂ ಓಡಲಿಲ್ಲ. "ಜೈಲಲ್ಲಿ ಕಣ್ರೀ" ಅಂದುಬಿಟ್ಟ.

ವಸಂತ ಒಂದು ಸಲ ಅವನ ಮುಖ ನೋಡಿದ, ಒಂದು ಸಲ ಕುರ್ಚಿ ಕಾಲು ನೋಡಿದ. ಮುಖಕ್ಕಿಂತ ಕಾಲೇ ಚೆನ್ನಾಗಿ ಕಂಡಿರಬೇಕು. "ಅಲ್ಲಿ ದಿನಕ್ಕೆ ಏನ್ ಕೊಡ್ತಿದ್ರು?" ಅಂತ ಕೇಳಿದ. ಮುದ್ದಯ್ಯ ಅದನ್ನೂ ಹೇಳಿದ, ಮುಚ್ಚುಮರೆ ಇಲ್ಲದೆ.

"ಹಂಗಾದ್ರೆ ಅದ್ರ ಮೇಲೆ ಒಂದೂಟದ ಕಾಸು ಸೇರ್ಸಿ ಕೊಡ್ತೀನಿ ಬುಡು. ಮಲಗಾಕೆ ಶೆಡ್ಡದೆ. ನಿಂಗೂ ಲಾಭ, ನಂಗೂ ಲಾಭ."

ನೋಡಿ ಸ್ವಾಮಿ, ಹೇಗಿದೆ ಲಾಭ! ಅದೇ ಶೆಡ್ಡಿನಲ್ಲಿ ಪಿರಿಯಾಪಟ್ಟಣದಿಂದ ಬಂದು ಕೆಲಸ ಮಾಡುವ ಬಡಗಿ ಇದ್ದಾನೆ, ಅವನು ಮಾಡಿದ ಕುರ್ಚಿ ಮೇಲೆ ಸ್ವಲ್ಪ ದಪ್ಪಗಿರುವವರು ಕೂತರೆ ಅಳುತ್ತದೆ. ಅವನಿಗೆ ಸಂಜೆಗೆ ಹೊರಗಿನ ಕೂಲಿ, ಮುದ್ದಯ್ಯನಿಗೆ ಜೈಲಿನ ಕೂಲಿ. ಜೈಲಿನಿಂದ ಮನುಷ್ಯ ಹೊರಗೆ ಬಂದ. ಅವನ ಕೈಗೆ ಜೈಲಿನವರು ಕಟ್ಟಿದ ಬೆಲೆಯೂ ಬಾಲ ಹಿಡಿದುಕೊಂಡು ಹಿಂದೆಯೇ ಬಂತು. ಮುದ್ದಯ್ಯ ಮಾತ್ರ "ಆಯ್ತು ಕಣ್ರೀ" ಅಂತ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ ಕೆಲಸಕ್ಕೆ ಕೂತ. ಅವನು ಈ ಕಸುಬು ಕಲಿತ ಮೇಲೆ ಒಂದು ದಿನವೂ ಪೂರ್ತಿ ಕೂಲಿ ಕಂಡವನಲ್ಲ, ಕೇಳಿದವನೂ ಅಲ್ಲ. ಯಾಕೆ ಕೇಳಲಿಲ್ಲ ಅನ್ನುವುದಕ್ಕೆ ಅವನದೇ ಒಂದು ಕಾರಣವಿತ್ತು.

ಮುದ್ದಯ್ಯನ ಊರು ಕಟ್ಟೆಕೊಪ್ಪಲು, ಹ್ಯಾಂಡ್‌ಪೋಸ್ಟಿನಿಂದ ಆಟೋ ದಾರಿ. ಅಪ್ಪ ಅವ್ವ ಬೇಗ ಹೋದರು. ಸಾಕಿದವನು ಅಣ್ಣ ಮಂಟಯ್ಯ. ಅಣ್ಣನಿಗಿಂತ ಹೆಚ್ಚಾಗಿ ಸಾಕಿದವಳು ಅತ್ತಿಗೆ ಪುಟ್ಟಮಾದಮ್ಮ. ಅವಳು ಮದುವೆಯಾಗಿ ಬಂದಾಗ ಮುದ್ದಯ್ಯನಿಗೆ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಅವಳೇ ತನ್ನ ಸೆರಗಿನಲ್ಲಿ ಒರೆಸುತ್ತಿದ್ದಳು. ಅಣ್ಣ ತಮ್ಮ ಇಬ್ಬರೂ ಊರ ಗೌಡರ ಹೊಗೆಸೊಪ್ಪಿನ ಬ್ಯಾರನ್ ಪಾಲಿಗೆ ಹಿಡಿದಿದ್ದರು. ಬ್ಯಾರನ್ ಅಂದರೆ ಗೊತ್ತಲ್ಲ, ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ನೇತುಹಾಕಿ, ಕೆಳಗಿನಿಂದ ಬೆಂಕಿ ಕೊಟ್ಟು ಹದ ಮಾಡುವ ಮನೆ. ಬೆಂಕಿ ಕಮ್ಮಿಯಾಗಲೂಬಾರದು, ಜಾಸ್ತಿಯಾಗಲೂಬಾರದು. ಯಾರಾದರೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು.

ಆವತ್ತು ಕಾಯುವ ಪಾಳಿ ಮುದ್ದಯ್ಯನದು. ಹುಡುಗು ವಯಸ್ಸು, ಮೊಬೈಲಿನ ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಾ ಸೌದೆ ತುರುಕಿದ್ದೇ ತುರುಕಿದ್ದು, ಕೊನೆಗೆ ಗೋಡೆಗೊರಗಿ ಗೊರಕೆ ಹೊಡೆದ. ಬೆಳಿಗ್ಗೆ ಅಣ್ಣ ಬಂದು ಬಾಗಿಲು ತೆಗೆದರೆ ಒಳಗಿನ ಸೊಪ್ಪೆಲ್ಲ ಕರಕಲು. ಮಂಟಯ್ಯ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ತಮ್ಮನ ಕೆನ್ನೆಗೆ ಎರಡು ಬಿಟ್ಟ. "ನಿನ್ ಮಕ ಮುಚ್ಚ, ಕೂಳಿಗೆ ದಂಡ, ಭೂಮಿಗೆ ಭಾರ, ಅತ್ಗೆ ಸೆರಗು ಇಡ್ಕೊಂಡು ಬೆಳ್ದೋನು ಇನ್ನೇನ್ ಮಾಡ್ತೀಯಲಾ" ಅಂತ ಕೂಲಿಯವರ ಎದುರಿಗೆ ಬೈದ. ಮುದ್ದಯ್ಯನ ಕೈಯಲ್ಲಿ ಸೌದೆಯ ಕೊರಡಿತ್ತು. ಬೀಸಿದ. ಕೊಲ್ಲಬೇಕು ಅಂತ ಬೀಸಿದ್ದಲ್ಲ ಅಂತ ಅವನು ಕೋರ್ಟಲ್ಲಿ ಹೇಳಿದ, ಇವತ್ತೂ ಹೇಳುತ್ತಾನೆ. ಹೇಗೆ ಬೀಸಿದರೇನು, ಏಟು ಬಿದ್ದದ್ದು ಕಿವಿಯ ಪಕ್ಕಕ್ಕೆ. ಮಂಟಯ್ಯ ಬ್ಯಾರನ್ ಬಾಗಿಲಲ್ಲೇ ಬಿದ್ದ, ಮತ್ತೆ ಏಳಲಿಲ್ಲ. ಅತ್ತಿಗೆ ಓಡಿ ಬಂದಾಗ ಅವಳ ಸೊಂಟದ ಮೇಲೆ ಮಗಳು ಸವಿತಾ ಇದ್ದಳು.

ಹೀಗೆ ಮುದ್ದಯ್ಯ ಬ್ಯಾರನ್ನಿನಿಂದ ಬ್ಯಾರಕ್ಕಿಗೆ ಹೋದ. ಜೀವಾವಧಿ ಆಯಿತು. ದೊಡ್ಡ ಜೈಲಿನ ಕಾರ್ಖಾನೆಯಲ್ಲಿ ಬಡಗಿ ಕೆಲಸಕ್ಕೆ ಹಾಕಿದರು. ಉಳಿ ಹಿಡಿಯುವುದು, ಗರಗಸ ಎಳೆಯುವುದು, ತೋಪಡ ಹೊಡೆದು ಮರ ನುಣುಪು ಮಾಡುವುದು, ಎಲ್ಲಾ ಅಲ್ಲಿ ಕಲಿತ. ಇಸ್ಕೂಲಿನ ಡೆಸ್ಕು, ಆಫೀಸಿನ ಮೇಜು, ಸಾಹೇಬರ ಮನೆಯ ಉಯ್ಯಾಲೆ, ಏನು ಹೇಳಿದರೂ ಮಾಡಿದ. ಕೂಲಿ ಅಂತ ಕೊಡುತ್ತಿದ್ದದ್ದು ಎಷ್ಟು ಅಂತೀರಿ? ಹೊರಗಡೆ ಅಷ್ಟಕ್ಕೆ ಒಬ್ಬ ಬಡಗಿ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದಿಲ್ಲ. ಆಮೇಲಾಮೇಲೆ ಜಾಸ್ತಿ ಮಾಡಿದರು ಅನ್ನಿ. ಜಾಸ್ತಿ ಮಾಡಿದಾಗಲೆಲ್ಲ ಊಟದ್ದು, ಬಟ್ಟೆಯದ್ದು ಅಂತ ಮುರಿದುಕೊಳ್ಳುವುದೂ ಜಾಸ್ತಿಯಾಯಿತು. ಅದು ಸಾಲದು ಅಂತ ಉಳಿದದ್ದರಲ್ಲಿ ಅರ್ಧ ಇನ್ನೊಂದು ಬಾಬ್ತಿಗೆ ಹೋಗುತ್ತಿತ್ತು.

ಮೊದಲ ಸಲ ಕೂಲಿ ಬಟವಾಡೆಯಾದಾಗ ಮುದ್ದಯ್ಯ ಜೈಲಿನ ಲೆಕ್ಕ ಬರೆಯುವ ರೈಟರ್ ಮುಂದೆ ಕೈಕಟ್ಟಿ ನಿಂತು ಕೇಳಿದ, "ಸಾರ್, ಇದ್ಯಾಕೆ ಅರ್ಧ ಮುರ್ಕೊಂಡಿದೀರಿ?"

"ಸಂತ್ರಸ್ತರ ನಿಧಿಗೆ."

ಕಟ್ಟೆಕೊಪ್ಪಲಿನವರಿಗೆ ಸಂತ್ರಸ್ತರು ಅಂದರೆ ಒಂದೇ ಅರ್ಥ. ಹಿಂದೆ ಡ್ಯಾಮ್ ಕಟ್ಟಿದಾಗ ಊರು ಮುಳುಗಿ ಎದ್ದು ಬಂದವರನ್ನು ಸರ್ಕಾರ ಕಟ್ಟೆಕೊಪ್ಪಲಿನ ಗೋಮಾಳದಲ್ಲಿ ಸಾಲುಮನೆ ಕಟ್ಟಿ ಕೂರಿಸಿತ್ತು. ಬಾಯಲ್ಲಿ ನಿಲ್ಲದ ಹೆಸರಿನ ಬೋರ್ಡು ಬೇರೆ: ಸಂತ್ರಸ್ತರ ಕಾಲೋನಿ. ದನ ಮೇಯುವ ಜಾಗ ಹೋಯಿತಲ್ಲ ಅಂತ ಊರವರಿಗೆ ಹೊಟ್ಟೆಯುರಿ. ಮಕ್ಕಳು ಜಗಳವಾಡಿದರೂ "ಓಗ್ಲಾ ಸಂತ್ರಸ್ತ" ಅಂತಲೇ ಬೈಯುವುದು. ಬಾವಿ ಕಟ್ಟೆ ಮೇಲೆ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಅನ್ನುತ್ತಿದ್ದವಳು ಅತ್ತಿಗೆ ಪುಟ್ಟಮಾದಮ್ಮನೇ.

"ಅಲ್ಲ ಸಾರ್, ನನ್ ಬೆವರಿನ ದುಡ್ಡು ಡ್ಯಾಮ್‌ನೋರಿಗೆ ಯಾಕೆ?"

ರೈಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಡ್ಯಾಮ್‌ನೋರಲ್ಲ ಕಣಯ್ಯ ದಡ್ಡ. ನೀನು ಕೊಂದ್ಯಲ್ಲ, ಅವನ ಹೆಂಡ್ತಿ ಮಕ್ಕಳು. ಕಾನೂನಿನ ಪ್ರಕಾರ ಅವರೇ ಸಂತ್ರಸ್ತರು. ನಿಮ್ಮತ್ತಿಗೆ ಇದಾಳಲ್ಲ, ಅವಳಿಗೆ ಹೋಗುತ್ತೆ."

ಆ ಮಾತು ಕೇಳಿ ಮುದ್ದಯ್ಯ ರೈಟರ್ ಎದುರಿಗೇ ಅತ್ತ. ಜೈಲಿಗೆ ಬಂದ ಮೇಲೆ ಅವನು ಅತ್ತದ್ದು ಅದೇ ಮೊದಲು. ಅಣ್ಣನನ್ನು ತಿಂದ ಕೈ ಅತ್ತಿಗೆಯ ಒಲೆಗೆ ಒಂದು ಸೇರು ರಾಗಿ ಹಾಕುತ್ತದೆ ಅಂದರೆ, ಇನ್ನೇನು ಬೇಕು? ಅವತ್ತಿನಿಂದ ಅವನು ಮೈಮುರಿದು ದುಡಿದ. ಜ್ವರ ಬಂದರೂ ಆಸ್ಪತ್ರೆ ವಾರ್ಡಿಗೆ ಹೋಗುತ್ತಿರಲಿಲ್ಲ. ಭಾನುವಾರ ಬೇರೆಯವರು ಬಿಸಿಲಿಗೆ ಮೈಯೊಡ್ಡಿ ಕೂತಿದ್ದರೆ ಇವನು ಕಾರ್ಖಾನೆ ಬಾಗಿಲು ಕಾಯುತ್ತಿದ್ದ. ಡೆಸ್ಕು ಮಾಡುವಾಗ ಇದು ಸವಿತಳ ಇಸ್ಕೂಲಿಗೆ ಅಂದುಕೊಳ್ಳುವನು. ಕೂಲಿ ಬಂದ ದಿನ, ಇವತ್ತು ಅತ್ತಿಗೆ ಸಂತೆಗೆ ಹೋಗಿರ್ತಾಳೆ, ಮಗೀಗೆ ಲಂಗ ತಂದಿರ್ತಾಳೆ ಅಂತ ಲೆಕ್ಕ ಹಾಕುವನು. ಅವನನ್ನು ನೋಡಲು ಊರಿಂದ ಒಬ್ಬರೂ ಬರುತ್ತಿರಲಿಲ್ಲ. ಬರದಿದ್ದರೂ ಅವನ ದುಡಿಮೆ ಮನೆಗೆ ಹೋಗಿ ಬರುತ್ತಿದೆ ಅಂತ ಅವನ ಸಮಾಧಾನ.

ಅದೇ ಬ್ಯಾರಕ್ಕಿನಲ್ಲಿ ಗಂಗಾಧರಪ್ಪ ಅಂತ ಕೆ.ಆರ್. ನಗರದ ಕಡೆಯ ಹಿರಿಯ ಖೈದಿ ಇದ್ದರು. ದಾಯಾದಿ ಗಲಾಟೆಯಲ್ಲಿ ಒಳಗೆ ಬಂದವರು, ಮಾತಿಗೆ ನಿಂತರೆ ಜೈಲರೂ ಕುರ್ಚಿ ಹಿಂದಕ್ಕೆ ಸರಿಸಬೇಕು. ಅವರು ಎಲ್ಲರನ್ನೂ ಒಟ್ಟು ಮಾಡಿದರು. ತಪ್ಪಿಗೆ ಶಿಕ್ಷೆ ಅನುಭವಿಸುತ್ತಾ ಇದ್ದೇವೆ, ಅದು ಬೇರೆ. ದುಡಿಮೆಗೆ ಕೂಲಿ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ ಅನ್ನುವುದು ಅವರ ವಾದ. ಪೂರ್ತಿ ಕೂಲಿ ಕೊಡುವವರೆಗೆ ಯಾರೂ ಉಳಿ ಮುಟ್ಟಬಾರದು ಅಂತ ತೀರ್ಮಾನವಾಯಿತು. ಎಲ್ಲರೂ ಹೂಂ ಅಂದರು. ಮುದ್ದಯ್ಯ ಮಾತ್ರ ತಲೆ ತಗ್ಗಿಸಿ ಕೂತ.

"ಏನಯ್ಯ ನಿಂದು?" ಅಂದರು ಗಂಗಾಧರಪ್ಪ.

"ನನ್ ಅರ್ಧ ನಮ್ಮತ್ಗೆಗೆ ಓಯ್ತದೆ ಕಣ್ರೀ. ನಾನು ಕೆಲ್ಸ ನಿಲ್ಸುದ್ರೆ ಆ ಮನೆ ಒಲೆ ನಿಂತೋಯ್ತದೆ. ನನ್ನ ಬುಟ್‌ಬುಡಿ."

"ಹೋಗುತ್ತೆ ಅಂತ ಯಾವನು ಹೇಳಿದ? ನೀನು ಕಂಡ್ಯಾ? ಮುದ್ದಯ್ಯ, ನನ್ನ ಮಾತು ಕೇಳು. ಪೂರ್ತಿ ಕೂಲಿ ನಿನ್ನ ಕೈಗೆ ಬರಲಿ. ಆಮೇಲೆ ನೀನೇ ಅವರಿಗೆ ಕಳಿಸು, ಅರ್ಧ ಅಲ್ಲ, ಅಷ್ಟೂ ಕಳಿಸು. ಕೊಡೋ ಕೈ ನಿಂದಾಗಿರಬೇಕು ಕಣೋ, ಬೇರೆಯವರದ್ದಲ್ಲ."

ಮುದ್ದಯ್ಯನ ತಲೆಗೆ ಅದು ಹತ್ತಲಿಲ್ಲ. ಮಾರನೆ ದಿನ ಇಡೀ ಬ್ಯಾರಕ್ಕು ನೋಡುತ್ತಿದ್ದಂತೆ ಅವನೊಬ್ಬನೇ ಕಾರ್ಖಾನೆಗೆ ಹೋದ. ಅವನೊಬ್ಬ ಹೋದದ್ದೇ ನೆಪವಾಗಿ ಮುಷ್ಕರ ಮುರಿದುಬಿತ್ತು, ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಗಂಗಾಧರಪ್ಪನವರಿಗೆ ಬರಬೇಕಿದ್ದ ಶಿಕ್ಷೆಯ ರಿಯಾಯಿತಿಯನ್ನು ಕಿತ್ತುಕೊಂಡು ಬೇರೆ ಜೈಲಿಗೆ ಕಳಿಸಿದರು. ಆಮೇಲೆ ತಿಂಗಳುಗಟ್ಟಲೆ ಮುದ್ದಯ್ಯನ ತಟ್ಟೆ ಪಕ್ಕ ಯಾರೂ ತಟ್ಟೆ ಇಡಲಿಲ್ಲ. ಇಡ್ದಿದ್ರೆ ಬುಡು, ಅತ್ಗೆ ಒಲೆ ಉರೀತದಲ್ಲ ಅಂತ ಅವನು ಒಬ್ಬನೇ ಉಂಡ.

ಸನ್ನಡತೆ ಅಂತ ಅವನನ್ನು ಬಿಟ್ಟದ್ದು ಈ ಮಳೆಗಾಲದಲ್ಲಿ. ವಸಂತನ ಶೆಡ್ಡಿನಲ್ಲಿ ಕೆಲಸ ಹಿಡಿದ ಮೇಲೂ ಊರಿಗೆ ಹೋಗಲು ಧೈರ್ಯ ಬರಲಿಲ್ಲ. ಆದರೆ ಪಿತೃಪಕ್ಷ ಹತ್ತಿರ ಬರುತ್ತಿತ್ತು. ಆ ಸೀಮೆಯಲ್ಲಿ ಮಾರ್ನಮಿ ಅಮಾಸೆಗೆ ಮನೆ ಮನೆಯಲ್ಲೂ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ, ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿಕೊಂಡು, ಅಂದರೆ ಮುಚ್ಚಿಕೊಂಡು, ಹೊರಗೆ ಕಾಯುತ್ತಾರೆ. ಮುದ್ದಯ್ಯ ಜೈಲಿನಲ್ಲಿದ್ದಷ್ಟೂ ವರ್ಷ ಮನಸ್ಸಿನಲ್ಲಿ ಸಾಕಿಕೊಂಡು ಬಂದದ್ದು ಒಂದೇ ಆಸೆ. ಒಂದು ಸಲ, ಒಂದೇ ಒಂದು ಸಲ, ಅಣ್ಣನ ಎಡೆ ಮುಂದೆ ತನ್ನ ಕೈಯಾರೆ ಒಂದು ಪಂಚೆ, ಒಂದು ಕಟ್ಟು ಬೀಡಿ ಇಟ್ಟು ಅಡ್ಡ ಬೀಳಬೇಕು. ಅದಕ್ಕೆ ಅತ್ತಿಗೆ ಹೊಸಿಲು ದಾಟಿಸಬೇಕು. ಇಷ್ಟು ವರ್ಷ ಅವಳ ಒಲೆಗೆ ದುಡಿದು ಹಾಕಿದ್ದೀನಿ, ದಾಟಿಸದೆ ಇರ್ತಾಳಾ ಅನ್ನುವುದು ಅವನ ನಂಬಿಕೆ.

ಅಮಾಸೆಗೆ ಇನ್ನೂ ಮುಂಚೆಯೇ, ಒಂದು ಸೋಮವಾರ, ಪಂಚೆ ಬೀಡಿ ಕವರಿನಲ್ಲಿ ಹಿಡಿದುಕೊಂಡು ಕಟ್ಟೆಕೊಪ್ಪಲಿನಲ್ಲಿ ಇಳಿದ. ಮನೆ ಅದೇ ಮನೆ, ಸೋಗೆ ಹೋಗಿ ಶೀಟಾಗಿತ್ತು. ಬಾಗಿಲು ಮಾತ್ರ ಅಪ್ಪನ ಕಾಲದ್ದೇ. ಮೇಲಿನ ಕೀಲು ಕಿತ್ತು, ಹಲಗೆ ಒಂದು ಕಡೆಗೆ ವಾಲಿ, ಮುಚ್ಚಿದರೂ ಕೈಯಗಲ ಸಂದು ಬಿಡುತ್ತಿತ್ತು. ಆ ಸಂದಿನಲ್ಲಿ ಒಳಗಿನ ಗೋಡೆಯ ಮೇಲೆ ಹಾರ ಹಾಕಿದ ಅಣ್ಣನ ಫೋಟೋ ಕಾಣಿಸಿತು. ಮುದ್ದಯ್ಯ ಜಗುಲಿ ಅಂಚು ಹಿಡಿದುಕೊಂಡು ನಿಂತ.

ಪುಟ್ಟಮಾದಮ್ಮ ಜಗುಲಿ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಮಗಳು ಸವಿತಾ ಹೊಲಿಗೆ ಮಿಷಿನ್ ತುಳಿಯುತ್ತಿದ್ದಳು. ಅತ್ತಿಗೆ ತಲೆ ಎತ್ತಿ ನೋಡಿದಳು, ಗುರುತು ಸಿಕ್ಕಿತು, ಮತ್ತೆ ತಲೆ ತಗ್ಗಿಸಿ ಬೀಜ ಬಿಡಿಸತೊಡಗಿದಳು.

"ಅತ್ಗೆ, ನಾನು ಮುದ್ದ."

"ಕಣ್ಣು ಓಗಿಲ್ಲ ನಂಗೆ. ಯಾಕ್ ಬಂದೆ?"

"ಅಮಾಸೆಗೆ... ಅಣ್ಣುಂಗೆ ಎಡೆ ಇಕ್ಕುವಾಗ... ಇದ್ನ ನನ್ ಕೈಯಿಂದ..." ಅಂತ ಕವರ್ ಮುಂದೆ ಚಾಚಿದ.

"ಓ, ಕೊಂದೋನೇ ಎಡೆ ಇಕ್ಕಾಕೆ ಬಂದವ್ನೆ, ಬಾರವ್ವ ಸವಿತಾ, ಆರತಿ ತಟ್ಟೆ ತಕ್ಕೊಂಡು ಬಾ!" ಅಂದಳು ಪುಟ್ಟಮಾದಮ್ಮ. ಅಕ್ಕಪಕ್ಕದ ಮನೆಯವರು ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. "ನಾಚ್ಕೆ ಮಾನ ಏನಾರ ಅದಾ ನಿಂಗೆ? ನಿಮ್ಮಣ್ಣ ಓದ ಮ್ಯಾಲೆ ನಾವು ಬದುಕಿದ್ದೀವಾ ಸತ್ತಿದ್ದೀವಾ ಅಂತ ಕೇಳ್ದೇನ್ಲಾ ನೀನು? ಕಂಡೋರ ಬ್ಯಾರನ್ನಲ್ಲಿ ಸೊಪ್ಪು ಕಟ್ಟಿ ಕಟ್ಟಿ ನನ್ ಕೈ ನೋಡು, ಎಂಗಾಗದೆ. ಈ ಮಗೀನ ಇಸ್ಕೂಲು ಬುಡ್ಸಿ ಜೊತೇಗೆ ಕರ್ಕೊಂಡು ಓಯ್ತಿದ್ದೆ."

ಮುದ್ದಯ್ಯನಿಗೆ ಅದು ಅರ್ಥವಾಗಲಿಲ್ಲ. ಹೇಳಬಾರದು, ಕೊಟ್ಟದ್ದನ್ನು ಆಡಿ ತೋರಿಸಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಬಾಯಿಂದ ಜಾರಿಬಿಟ್ಟಿತು. "ಅಂಗಂದ್ರೆ ಎಂಗೆ ಅತ್ಗೆ? ನಾನು ಒಳ್ಗೆ ದುಡ್ದುದ್ರಲ್ಲಿ ಅರ್ಧ ನಿಂಗೇ ತಾನೆ ಬತ್ತಿದ್ದುದ್ದು?"

ಹುಣಸೆಹಣ್ಣು ಅತ್ತಿಗೆಯ ಕೈಯಲ್ಲೇ ನಿಂತಿತು. "ಯಾವ ಅರ್ಧ?"

"ಕೂಲೀದು. ತಿಂಗ್ಳು ತಿಂಗ್ಳೂ ಮುರ್ಕೊತಿದ್ರು. ನಿಂಗೆ ಅಂತ."

"ಥೂ ನಿನ್ನ! ಕೊಂದದ್ದು ಸಾಲ್ದು ಅಂತ ಈಗ ನಿನ್ ದುಡ್ಡು ತಿಂದಳು ಅಂತ ಊರ ಮುಂದೆ ಅನ್ಸಾಕೆ ಬಂದ್ಯಾ? ಒಂದು ಬಿಡಿಗಾಸು ಬಂದಿದ್ರೆ ನನ್ ಕೈಗೆ ಹುಳ ಬೀಳ್ಲಿ!"

ಸುಳ್ಳಲ್ಲ ಅಂತ ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಮುದ್ದಯ್ಯ ಜಗುಲಿಯ ಕೆಳಗೆ ಮಣ್ಣಿನ ಮೇಲೆ ಹಾಗೇ ಕುಕ್ಕರಿಸಿದ. "ಯಾರೂ ಬರ್ಲಿಲ್ವಾ? ಸಂತ್ರಸ್ತರ ನಿಧಿ ಅಂತ ಒಬ್ರೂ ಬಂದು ಕೇಳ್ಲಿಲ್ವಾ?" ಅಂತ ಪೆಚ್ಚುಪೆಚ್ಚಾಗಿ ಕೇಳಿದ.

ಸವಿತಳ ಮಿಷಿನ್ ನಿಂತುಹೋಯಿತು. "ಅವ್ವ," ಅಂದಳು, "ಒಬ್ರು ಬಂದಿದ್ರಲ್ಲ. ನಾನು ಸಣ್ಣೋಳು. ಮೋಟ್ರುಬೈಕಲ್ಲಿ. ಸಂತ್ರಸ್ತರ ಮನೆ ಯಾವ್ದಮ್ಮ ಅಂತ ಕೇಳುದ್ರು."

"ಬಂದಿದ್ದ. ಅದ್ಕೇನೀಗ?" ಪುಟ್ಟಮಾದಮ್ಮನಿಗೆ ನೆನಪಿತ್ತು. "ಮಂಟಯ್ಯನ ಮನೆ ಇದೇ ಏನಮ್ಮ ಅಂದ, ಊಂ ಅಂದೆ. ಅಂಗಾದ್ರೆ ನೀವು ಸಂತ್ರಸ್ತರಾ ಅಂದ. ನಂಗೆ ಮೈಯೆಲ್ಲ ಉರುದೋಯ್ತು. ನಾವ್ಯಾಕಪ್ಪ ಸಂತ್ರಸ್ತರಾಗನ, ಏಳು ತಲೆಮಾರಿಂದ ಇದೇ ಊರಲ್ಲವ್ರೆ ನಮ್ಮೋರು, ಸಂತ್ರಸ್ತರು ಬೇಕಾದ್ರೆ ಕಾಲೋನಿಗೋಗು ಅಂತ ಕೈ ತೋರಿಸ್ದೆ. ಓದ."

ಹೋದ. ಅಷ್ಟೇ. ಇದು ಬೇರೆ ಯಾವುದೋ ಮಂಟಯ್ಯನ ಮನೆ ಅಂದುಕೊಂಡಿರಬೇಕು. ಕಾಲೋನಿಯಲ್ಲಿ ಮಂಟಯ್ಯ ಅನ್ನುವವರು ಯಾರೂ ಇರಲಿಲ್ಲ. ಆ ಪುಣ್ಯಾತ್ಮ ಬೈಕು ತಿರುಗಿಸಿಕೊಂಡು ಹೋಗಿ ಸಂತ್ರಸ್ತರು ಪತ್ತೆಯಾಗಲಿಲ್ಲ ಅಂತ ಹೇಳಿರಬೇಕು. ಗಂಡ ಸತ್ತವಳ ಎದುರಿಗೆ ನಿಂತು, ಅವಳ ಬೋಳು ಹಣೆ ನೋಡಿಯೂ, ಅವನಿಗೆ ಇನ್ನೊಂದು ಮಾತು ಕೇಳಬೇಕು ಅನ್ನಿಸಲಿಲ್ಲ. ನಿಮ್ಮ ಗಂಡ ಕೊಲೆಯಾಗಿದ್ದಾನೇನಮ್ಮ ಅಂತ ಕನ್ನಡದಲ್ಲಿ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಜೈಲಿನಲ್ಲಿ ಮುದ್ದಯ್ಯನೇ ಆ ಮಾತಿಗೆ ಎಡವಿದ್ದ. ಅತ್ತಿಗೆಯೂ ಎಡವುತ್ತಾಳೆ ಅಂತ ಅವನಿಗೂ ಹೊಳೆದಿರಲಿಲ್ಲ.

"ಅವ್ವ," ಸವಿತಾ ಮೆಲ್ಲಗೆ ಅಂದಳು, "ಅವ್ರು ಕೇಳಿದ್ದು ನಿನ್ನೇ ಕಣವ್ವ. ಸಂತ್ರಸ್ತೆ ಅಂದ್ರೆ ನೀನೇ."

ಪುಟ್ಟಮಾದಮ್ಮ ಹುಣಸೆಹಣ್ಣು ಮೊರಕ್ಕೆ ಹಾಕಿ, ಕೈ ಸೆರಗಿಗೆ ಒರೆಸಿಕೊಂಡಳು. ಅದೇ ಸೆರಗು. ಮುದ್ದಯ್ಯನಿಗೆ ಆಸೆ ಹುಟ್ಟಿತು. ಈಗಲಾದರೂ ಗೊತ್ತಾಯಿತಲ್ಲ, ತಾನು ದುಡಿದದ್ದು ಇವಳಿಗಾಗಿ ಅಂತ. ಬರದಿದ್ದರೇನು, ದುಡಿದದ್ದು ನಿಜ ತಾನೆ?

"ಮುದ್ದ," ಅಂದಳು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು. "ಆ ದುಡ್ಡು ಬಂದಿದ್ರೆ ನಾನು ಏನ್ ಮಾಡ್ತಿದ್ದೆ ಗೊತ್ತಾ? ಬ್ಯಾಡ ಅಂತಿದ್ದೆ. ತಂದೋನ ಮಕಕ್ಕೆ ಎಸ್ದು, ನಮ್ ಯಜಮಾನ್ರ ಕೊಂದೋನ ಕಾಸು ನಮ್ಗೆ ಬ್ಯಾಡ, ಓಗಿ ಅವ್ನಿಗೇ ಏಳು ಅಂತಿದ್ದೆ. ನೀನು ಏನಾರ ಕಳುಸ್ತೀಯ, ಅಂಗನ್ಬೇಕು ಅಂತ ಎಷ್ಟು ವರ್ಷ ಕಾದಿದ್ದೆ ಕಣ್ಲಾ ನಾನು. ಅಂಗನ್ನಾಕೂ ನಂಗೆ ಬುಡ್ಲಿಲ್ವಲ್ಲ."

ಕೊಟ್ಟೆ ಅನ್ನುವ ಸಮಾಧಾನ ಅವನಿಗೆ ಸುಳ್ಳಾಯಿತು, ಬೇಡ ಅನ್ನುವ ಹಕ್ಕು ಅವಳಿಗೆ ಸಿಗಲೇ ಇಲ್ಲ. ನಡುವೆ ಇದ್ದವರು ಇಬ್ಬರಿಂದಲೂ ಕಿತ್ತುಕೊಂಡರು. ಕೊಡೋ ಕೈ ನಿಂದಾಗಿರಬೇಕು ಅಂದ ಗಂಗಾಧರಪ್ಪನವರ ಮಾತು ಅವನಿಗೆ ಅರ್ಥವಾದದ್ದು ಅವತ್ತು, ಆ ಮಣ್ಣಿನ ಮೇಲೆ ಕೂತಾಗ. ಪಂಚೆ ಬೀಡಿ ಎತ್ತಿಕೊಂಡು ಹ್ಯಾಂಡ್‌ಪೋಸ್ಟಿಗೆ ವಾಪಸ್ ಬಂದ.

ಆಮೇಲೆ ಸವಿತಾ ಚಿಕ್ಕಪ್ಪನ ಜೊತೆ ಆ ನಿಧಿಯ ಆಫೀಸಿಗೂ ಅಲೆದಳು. ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಅಲ್ಲ, ಅನ್ಯಾಯ ಅಂದರೆ ಅವಳಿಗಾಗುವುದಿಲ್ಲ. ಅಲ್ಲಿದ್ದವರು ಕಂಪ್ಯೂಟರ್ ಒತ್ತಿ, "ಸಂತ್ರಸ್ತರು ಪತ್ತೆಯಾಗಿಲ್ಲ ಅಂತಿದೆಯಲ್ಲಮ್ಮ. ಹಣ ನಿಧಿಯಲ್ಲೇ ಉಳಿದಿದೆ" ಅಂದರು. ಮುದ್ದಯ್ಯ ಮುಂದೆ ಬಂದು, "ಪತ್ತೆ ಆಗ್ದಿದ್ರೆ ನನ್ ಕೂಲಿ ನಂಗಾರ ವಾಪಸ್ ಬರಬೇಕಲ್ವಾ ಸಾರ್?" ಅಂದ. ಜೀವಮಾನದಲ್ಲಿ ಅವನು ಕೂಲಿ ಕೇಳಿದ್ದು ಅದೇ ಮೊದಲು. "ಅದು ನಿಂದಲ್ಲಪ್ಪ, ಸಂತ್ರಸ್ತರದ್ದು" ಅಂತ ಉತ್ತರ ಬಂತು. ಬೇಕಾದರೆ ತಾಯಿಯೇ ಬಂದು ನಾನು ಸಂತ್ರಸ್ತೆ ಅಂತ ಬರೆದುಕೊಡಲಿ ಅಂದರು. ಪುಟ್ಟಮಾದಮ್ಮನಿಗೆ ಸವಿತಾ ಅದನ್ನು ಹೇಳಿದಾಗ ಅವಳು ಎದ್ದು ಒಳಗೆ ಹೋದಳಂತೆ. ಅದೇ ಅವಳ ಉತ್ತರ.

ಅಮಾಸೆಗೆ ಎರಡು ದಿನ ಇರುವಾಗ ಸವಿತಾ ವಸಂತನ ಅಂಗಡಿಗೆ ಬಂದಳು. "ಚಿಕ್ಕಪ್ಪ, ಬಾಗ್ಲು ಪೂರ್ತಿ ಕಿತ್ತೋಯ್ತು. ಎಡೆ ಇಕ್ಕುವಾಗ ಮುಂದೆ ಮಾಡ್ಕಳಾಕೂ ಆಗಲ್ಲ. ಅವ್ವ ಬಡಗಿ ಕರ್ಕೊಂಡು ಬಾ ಅಂದ್ಲು. ನೀವೇ ಬರ್ತೀರಾ ಅಂತ ಕೇಳ್ದೆ, ಸುಮ್ಕಿದ್ಲು."

ಸುಮ್ಕಿದ್ಲು! ಬೇಡ ಅನ್ನಲಿಲ್ಲ! ಮುದ್ದಯ್ಯನ ಮುಖ ಅರಳಿದ್ದು ನೋಡಿ ವಸಂತನಿಗೇ ಆಶ್ಚರ್ಯವಾಯಿತು. ಮಾರನೆ ದಿನ ಮೊದಲ ಆಟೋಗೆ ಸಾಮಾನಿನ ಚೀಲ ಹೆಗಲಿಗೇರಿಸಿ ಹೊರಟ. ಪಂಚೆ ಬೀಡಿಯ ಕವರನ್ನು ಚೀಲದ ತಳದಲ್ಲಿ ಇಟ್ಟುಕೊಂಡಿದ್ದ.

ಅವನು ಆ ಬಾಗಿಲಿಗೆ ಮಾಡಿದ ಕೆಲಸ ನೋಡಬೇಕಿತ್ತು. ಹಳೇ ಹಲಗೆಗಳನ್ನು ಬಿಚ್ಚಿ, ಹುಳ ತಿಂದದ್ದನ್ನು ತೆಗೆದು, ತನ್ನ ದುಡ್ಡಿನಲ್ಲಿ ತಂದಿದ್ದ ಹೊಸ ಪಟ್ಟಿ ಕೂಡಿಸಿದ. ಚೌಕಟ್ಟು ಎಲ್ಲಿ ಉಬ್ಬಿತ್ತೋ ಅಲ್ಲಿ ತೋಪಡ ಹೊಡೆದ. ಹೊಸ ಕೀಲು ಹಾಕಿ ಎಣ್ಣೆ ಬಿಟ್ಟ. ಮಧ್ಯಾಹ್ನ ಸವಿತಾ ಮುದ್ದೆ ಸಾರು ತಂದು ಜಗುಲಿ ಮೇಲೆ ಇಟ್ಟಳು. ಅತ್ತಿಗೆ ಕೈಯಡುಗೆ, ಬಾಯಿಗಿಟ್ಟ ತಕ್ಷಣ ಗೊತ್ತಾಯಿತು. ಉಣ್ಣುತ್ತಾ ಕಣ್ಣಲ್ಲಿ ನೀರು ತಂದುಕೊಂಡ. ಕೆಲಸ ಮಾಡುವಾಗ ಒಳಗಿನ ಗೋಡೆಯ ಅಣ್ಣ ಕಾಣುತ್ತಲೇ ಇದ್ದ. ಅತ್ತಿಗೆ ಒಂದೆರಡು ಸಲ ಆಚೆ ಈಚೆ ಓಡಾಡಿದಳು, ಮಾತಾಡಲಿಲ್ಲ, ಬೈಯಲೂ ಇಲ್ಲ. ನಾಳೆ ಎಡೆಗೆ ಇರು ಅಂತ ಸಂಜೆ ಹೇಳೇ ಹೇಳ್ತಾಳೆ ಅಂತ ಅವನು ಮನಸ್ಸಿನಲ್ಲೇ ಹಿಗ್ಗಿಕೊಂಡ.

ಸಂಜೆ ಬಾಗಿಲು ನಿಲ್ಲಿಸಿ, ಹೊಟ್ಟು ಗುಡಿಸಿ, ಕೈಕಾಲು ತೊಳೆದು ಬಂದು ನಿಂತ. ಪುಟ್ಟಮಾದಮ್ಮ ಬಾಗಿಲನ್ನು ಒಂದು ಸಲ ತೆಗೆದು, ಒಂದು ಸಲ ಹಾಕಿ ನೋಡಿದಳು. ಆಮೇಲೆ ಒಳಗೆ ಹೋಗಿ, ಎಲೆಅಡಿಕೆ ಚೀಲ ತಂದು, ನೋಟು ತೆಗೆದು ಜಗುಲಿ ಮೇಲೆ ಇಟ್ಟಳು. ಅವನ ಕೈಗೆ ಕೊಡಲಿಲ್ಲ.

"ಏನತ್ಗೆ ಇದು?"

"ನಿನ್ ಕೂಲಿ. ಕೋಟೇಲಿ ಬಡಗಿಗೆ ಏನ್ ಕೊಡ್ತಾರೆ ಅಂತ ಕೇಳಿಸ್ಕೊಂಡು ಬಂದಿದ್ದೆ. ಹಲಗೆ ಕಾಸೂ ಸೇರ್ಸಿದೀನಿ."

"ನಮ್ಮನೆ ಬಾಗ್ಲಿಗೆ ನಾನು ಕೂಲಿ ಈಸ್ಕೊಳಾದಾ? ತೆಗ್ದಿಡು ಅತ್ಗೆ, ನಿನ್ ಕಾಲಿಗ್ ಬೀಳ್ತೀನಿ."

"ಈಸ್ಕೊ," ಅಂದಳು ಪುಟ್ಟಮಾದಮ್ಮ. "ಪೂರ್ತಿ ಅದೆ. ನಾನು ಏನೂ ಮುರ್ಕೊಂಡಿಲ್ಲ. ನಿನ್ ಋಣ ಒಂದೇ ಒಂದು ಮೊಳೆಯಷ್ಟೂ ಈ ಮನೇಲಿ ಇರಬಾರ್ದು."

ಮುದ್ದಯ್ಯ "ನಾಳೆ... ಅಣ್ಣುನ್ ಎಡೆ..." ಅಂತ ಚೀಲದೊಳಗೆ ಕೈ ಹಾಕಿ ಪಂಚೆಯ ಕವರ್ ಹುಡುಕತೊಡಗಿದ.

"ಕೆಲ್ಸ ಮುಗೀತಲ್ಲ. ಆಳು ಮನೆಗೋಗ್ಬೇಕು."

ಅವನು ಕಸುಬು ಕಲಿತ ಮೇಲೆ ಯಾರೂ ಕೊಡದಿದ್ದ ಪೂರ್ತಿ ಕೂಲಿ ಜಗುಲಿ ಮೇಲಿತ್ತು. ಸವಿತಾ ಮುಖ ಆಚೆ ತಿರುಗಿಸಿ ನಿಂತಿದ್ದಳು. ಅಕ್ಕಪಕ್ಕದವರು ನೋಡುತ್ತಿದ್ದರು. ಮುದ್ದಯ್ಯ ಬಗ್ಗಿ ನೋಟು ಎತ್ತಿಕೊಂಡು ಜೇಬಿಗಿಟ್ಟ, ಚೀಲ ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದ. ಹಿಂದೆ ಬಾಗಿಲು ಮುಚ್ಚಿತು. ಅವನು ತಿರುಗಿ ನೋಡಿದ. ಒಂದಿಷ್ಟೂ ಕಿರುಗುಟ್ಟಲಿಲ್ಲ, ಒಂದು ಕೂದಲಿನಷ್ಟೂ ಸಂದು ಇರಲಿಲ್ಲ, ಒಳಗಿನ ಅಣ್ಣ ಕಾಣಿಸಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದ, ಪಾಪಿ.